ಮಠವೊಂದು ಟಂಕಿಸಿದ ಚಿಲ್ಲರೆ ಕಾಸು

ಪ್ರಶ್ನೆ: ನಾನು ಜೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಹಳೇ ಸಾಮಾನುಗಳ ಸಂತೆಯಲ್ಲಿ ಉಗುರಿನಷ್ಟಗಲದ, ಕಪ್ಪಾದ ನಾಣ್ಯವೊಂದು ಸಿಕ್ಕಿತು. ಒಂದು ಕಡೆ ಕರಡಿ ಇದ್ದ ಹಾಗಿದೆ. ಅಕ್ಷರಗಳು ಸವೆದಿವೆ. ಮಾರಿದವರು ಅದು ಸೇಂಟ್ ಗಾಲನ್ ಮಠದ ನಾಣ್ಯ, ಇನ್ನೂರು ವರ್ಷಕ್ಕೂ ಹಳೆಯದು ಅಂದರು. ಮಠವೊಂದು ನಾಣ್ಯ ಹೊರಡಿಸುವುದು ಹೇಗೆ ಸಾಧ್ಯ? ನಮ್ಮ ದೇವಸ್ಥಾನಗಳ ರಾಮಟಂಕಿಯ ಥರಾನಾ? ಹೊರಡಿಸಿದರೂ ಇಷ್ಟು ಸಣ್ಣದು ಯಾಕೆ? ಬೆಲೆ ಏನಾದರೂ ಬರುತ್ತದಾ?

ಉತ್ತರ: ಮೊದಲು ರಾಮಟಂಕಿಯ ವಿಷಯ ಮುಗಿಸಿಬಿಡೋಣ. ಅದು ಹಣವಲ್ಲ. ಪೂಜೆಗೆ, ಪೆಟ್ಟಿಗೆಯಲ್ಲಿಡಲು, ಕಾಣಿಕೆ ಹಾಕಲು ಮಾಡಿಸಿದ ಬಿಲ್ಲೆ. ಅದನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ ಉಪ್ಪು ತರಲು ಆಗುತ್ತಿರಲಿಲ್ಲ. ಸೇಂಟ್ ಗಾಲನ್ ಮಠದ ನಾಣ್ಯ ಹಾಗಲ್ಲ. ಉಪ್ಪು, ಬ್ರೆಡ್ಡು, ಬಿಯರು ಕೊಳ್ಳಲಿಕ್ಕೆಂದೇ ಅದನ್ನು ಟಂಕಿಸಿದ್ದು. ಅದರಲ್ಲಿ ಪುಣ್ಯ ಇರಲಿಲ್ಲ, ಚಿಲ್ಲರೆ ಇತ್ತು.

ಮಠಕ್ಕೆ ಆ ಹಕ್ಕು ಬಂದದ್ದು ಹೇಗೆ? ಅಲ್ಲಿನ ಮಠಾಧಿಪತಿ ಬರೀ ಗುರು ಅಲ್ಲ, ಊರಾಳುವ ದೊರೆ ಕೂಡ. ಐರ್ಲೆಂಡ್ ಕಡೆಯಿಂದ ಬಂದ ಸಂತ ಗಾಲಸ್ ಸುಮಾರು 612ರಲ್ಲಿ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡ. ಅದೇ ಜಾಗದಲ್ಲಿ 719ರಲ್ಲಿ ಓಟ್ಮರ್ ಮಠ ಸ್ಥಾಪಿಸಿದ. ಭಕ್ತರು ಜಮೀನು ಕೊಡುತ್ತಾ ಹೋದರು. ಮಠ ಹಳ್ಳಿಗಳ ಒಡೆಯನಾಯಿತು, ತೆರಿಗೆ ಎತ್ತಿತು, ನ್ಯಾಯ ತೀರಿಸಿತು. ಸನ್ಯಾಸಿಗೆ ಸ್ವಂತ ಆಸ್ತಿ ಇರಬಾರದು, ನಿಜ. ಮಠಕ್ಕೆ ಇರಬಾರದು ಅಂತ ಯಾರೂ ಹೇಳಿರಲಿಲ್ಲ. 1207ರ ಹೊತ್ತಿಗೆ ಅಲ್ಲಿನ ಮಠಾಧಿಪತಿ ಪವಿತ್ರ ರೋಮನ್ ಸಾಮ್ರಾಜ್ಯದ, ಅಂದರೆ ಜರ್ಮನ್ ಸೀಮೆಗಳು ಸೇರಿದ್ದ ದೊಡ್ಡ ಸಾಮ್ರಾಜ್ಯದ, ರಾಜಕುಮಾರರಲ್ಲಿ ಒಬ್ಬ. ಅವನ ಮೇಲೆ ಚಕ್ರವರ್ತಿ ಬಿಟ್ಟರೆ ಬೇರೆ ಒಡೆಯ ಇಲ್ಲ. 1451ರಲ್ಲಿ ಮಠ ಸ್ವಿಸ್ ಒಕ್ಕೂಟದ ನಾಲ್ಕು ಸದಸ್ಯರ ಜೊತೆ ಒಪ್ಪಂದ ಮಾಡಿಕೊಂಡಿತು. ನಿಮ್ಮ ಜೂರಿಕ್ ಅವುಗಳಲ್ಲಿ ಒಂದು. ಅಲ್ಲಿಂದ ಮುಂದೆ ಅವರದು ಎರಡು ದೋಣಿಯ ಮೇಲೆ ಕಾಲು. ಒಂದು ಕಡೆ ಸಾಮ್ರಾಜ್ಯದ ರಾಜಕುಮಾರ, ಇನ್ನೊಂದು ಕಡೆ ಸ್ವಿಸ್ಸರ ಸಂಗಾತಿ. ವಿಚಿತ್ರ ಅಂದರೆ ಈ ಏರ್ಪಾಡು 1798ರ ತನಕ ನಡೆಯಿತು.

ನಾಣ್ಯದ ಹಕ್ಕು ಇದಕ್ಕಿಂತ ಹಳೆಯದು. 947ರಲ್ಲಿ ಜರ್ಮನ್ ರಾಜ ಒಂದನೇ ಒಟ್ಟೋ ಈ ಮಠಕ್ಕೆ ರೋರ್ಶಾಕ್‌ನಲ್ಲಿ ಸಂತೆ ನಡೆಸುವ, ಸುಂಕ ಎತ್ತುವ, ನಾಣ್ಯ ಟಂಕಿಸುವ ಹಕ್ಕು ಕೊಟ್ಟ. ಈ ಮೂರೂ ಒಟ್ಟಿಗೆ ಬಂದದ್ದನ್ನು ಗಮನಿಸಿ. ರೋರ್ಶಾಕ್ ಬೋಡೆನ್ ಸರೋವರದ ದಂಡೆಯಲ್ಲಿದೆ. ದೋಣಿಯಲ್ಲಿ ಬಂದ ಸರಕು ಇಳಿದು ಆಲ್ಪ್ಸ್ ದಾಟಿ ಇಟಲಿ ಕಡೆಗೆ ಹೋಗುವ ದಾರಿ ಅದು. ಸಂತೆ ಇದ್ದರೆ ಚಿಲ್ಲರೆ ಬೇಕು. ಚಿಲ್ಲರೆ ಇದ್ದರೆ ಸಂತೆ ಬೆಳೆಯುತ್ತದೆ. ಸಂತೆ ಬೆಳೆದರೆ ಸುಂಕ. ರಾಜನಿಗೆ ಎಲ್ಲ ಕಡೆ ತಾನೇ ಟಂಕಸಾಲೆ ಇಡಲು ಆಗುತ್ತಿರಲಿಲ್ಲ. ಓದುಬರಹ, ಲೆಕ್ಕ ಗೊತ್ತಿದ್ದವರು, ಇವತ್ತು ಇದ್ದು ನಾಳೆ ಊರು ಬಿಡದವರು ಮಠದವರೇ. ಅವರಿಗೆ ಒಪ್ಪಿಸಿಬಿಟ್ಟ. ಜರ್ಮನಿಯ ಕೋರ್ವೈ ಮಠಕ್ಕೆ 833ರಲ್ಲೇ ಇಂಥ ಹಕ್ಕು ಸಿಕ್ಕಿತ್ತು, ಫುಲ್ಡಾ ಮಠಕ್ಕೆ 1019ರಲ್ಲಿ.

ಇವುಗಳಲ್ಲಿ ನನಗೆ ತುಂಬಾ ಇಷ್ಟದ್ದು ಕ್ವೆಡ್ಲಿನ್‌ಬುರ್ಗ್. ಅದು ಹೆಂಗಸರ ಮಠ. 994ರಲ್ಲಿ ಮೂರನೇ ಒಟ್ಟೋ ತನ್ನ ಸೋದರತ್ತೆ, ಅಲ್ಲಿನ ಮಠಾಧಿಪತಿಣಿ ಮಟಿಲ್ಡಾಗೆ ಸಂತೆ, ಸುಂಕ, ನಾಣ್ಯದ ಹಕ್ಕು ಕೊಟ್ಟ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಬಂದ ಬೆಳ್ಳಿ ನಾಣ್ಯಗಳ ಮೇಲೆ ಆ ತಾಯಂದಿರು ಪುಸ್ತಕವನ್ನೋ ಹೂವನ್ನೋ ಹಿಡಿದು ಪೀಠದ ಮೇಲೆ ಕೂತಿರುವ ಚಿತ್ರಗಳಿವೆ. ಯುರೋಪಿನ ಬಹುಪಾಲು ನಾಣ್ಯಗಳ ಮೇಲೆ ಗಡ್ಡದ ಗಂಡಸರೇ ತುಂಬಿದ್ದ ಕಾಲ ಅದು.

ಆ ನಾಣ್ಯಗಳನ್ನು ಬ್ರ್ಯಾಕ್ಟಿಯೇಟ್ ಅನ್ನುತ್ತಾರೆ. ಕಾಗದದಷ್ಟು ತೆಳುವಾದ ಬೆಳ್ಳಿ ತಗಡು. ಕೆಳಗೆ ಚರ್ಮವನ್ನೋ ಸೀಸವನ್ನೋ ಮೆತ್ತಗೆ ಇಟ್ಟು, ಮೇಲಿನಿಂದ ಒಂದೇ ಅಚ್ಚು ಹೊಡೆಯುವುದು. ಚಿತ್ರ ಒಂದು ಕಡೆ ಉಬ್ಬುತ್ತದೆ, ಹಿಂದೆ ಅದೇ ಚಿತ್ರ ಗುಳಿ ಬೀಳುತ್ತದೆ. ನೋಡಲು ಬಹಳ ಚೆನ್ನ, ಜೇಬಿನಲ್ಲಿ ಇಟ್ಟರೆ ಮುರಿಯುತ್ತದೆ. ಇಷ್ಟು ನಾಜೂಕಾದದ್ದನ್ನು ಯಾಕೆ ಮಾಡಿದರು? ಅದು ಜಾಸ್ತಿ ದಿನ ಬಾಳಬೇಕು ಅಂತಲೇ ಇರಲಿಲ್ಲ. ಹಳೇ ನಾಣ್ಯ ರದ್ದು ಅಂತ ಆಗಾಗ ಡಂಗುರ ಹೊಡೆಸುತ್ತಿದ್ದರು. ಜನ 12 ಹಳೇ ನಾಣ್ಯ ತಂದುಕೊಟ್ಟರೆ 9 ಹೊಸದು ಸಿಗುತ್ತಿತ್ತು. ಮಿಕ್ಕ ಮೂರು ಒಡೆಯನಿಗೆ. ಅಂದರೆ ನೂರಕ್ಕೆ 25ರಷ್ಟು ತೆರಿಗೆ, ತೆರಿಗೆ ಅನ್ನುವ ಹೆಸರೇ ಇಲ್ಲದೆ. ಮಾಗ್ಡೆಬುರ್ಗ್‌ನ ಆರ್ಚ್‌ಬಿಷಪ್ ವಿಖ್‌ಮನ್ ವರ್ಷಕ್ಕೆ ಎರಡು ಸಲ ಹೀಗೆ ಮಾಡಿಸಿದ. ಊರಿನ ವ್ಯಾಪಾರಿಗಳು ರೋಸಿಹೋಗಿ, ಎಷ್ಟೋ ಕಡೆ ಒಂದು ದೊಡ್ಡ ಮೊತ್ತ ಕೊಟ್ಟು ಈ ಹಕ್ಕನ್ನೇ ಒಡೆಯನಿಂದ ಕೊಂಡುಕೊಂಡರು. ಹಾಗೆ ಬದಲಾಯಿಸದೆ ಉಳಿದ ನಾಣ್ಯಕ್ಕೆ ಜರ್ಮನ್ನರು ಇಟ್ಟ ಹೆಸರು ‘ಶಾಶ್ವತ ಪೆನ್ನಿ’.

ಮಠಗಳು ಧರ್ಮಕ್ಕಾಗಿ ಚಿಲ್ಲರೆ ಹೊರಡಿಸಿದವು ಅಂತ ಯಾರಾದರೂ ಹೇಳಿದರೆ ಈ ಒಂಬತ್ತು-ಹನ್ನೆರಡರ ಲೆಕ್ಕವನ್ನು ಅವರ ಮುಂದಿಡಿ.

ಬೋಡೆನ್ ಸರೋವರದ ಸುತ್ತಲೂ ಇಂಥ ತೆಳು ನಾಣ್ಯಗಳೇ ಓಡಾಡುತ್ತಿದ್ದವು. ಅಲ್ಲಿ ಹತ್ತಾರು ಮೈಲಿಯೊಳಗೆ ಬಿಷಪ್ಪನದು, ಮಠದ್ದು, ಪಟ್ಟಣಗಳದ್ದು ಅಂತ ಬೇರೆ ಬೇರೆ ಟಂಕಸಾಲೆ. ಎಲ್ಲರಿಗೂ ಒಂದು ಅಳತೆ ಬೇಕಾಯಿತು. 1240ರಲ್ಲಿ ಕಾನ್‌ಸ್ಟನ್ಸ್‌ನ ಬಿಷಪ್ಪನ ಮುಂದಾಳತ್ವದಲ್ಲಿ ಒಂದು ಕಟ್ಟಳೆ ಬಂತು. ಒಂದು ಮಾರ್ಕ್ ತೂಕದ ಬೆಳ್ಳಿಯಲ್ಲಿ 42 ಶಿಲಿಂಗ್, ಅಂದರೆ 504 ಪೆನ್ನಿ. ಒಂದೊಂದರ ತೂಕ ಅರ್ಧ ಗ್ರಾಮಿಗೂ ಕಡಿಮೆ. ಯಾರದು ಅಂತ ಗುರುತಿಸಲು ಚಿತ್ರ. ಸೇಂಟ್ ಗಾಲನ್ ಮಠದ ಪೆನ್ನಿಯ ಮೇಲೆ ಇದ್ದದ್ದು ಕರಡಿಯಲ್ಲ, ಕುರಿಮರಿ. ಕ್ರೈಸ್ತರ ‘ದೇವರ ಕುರಿಮರಿ’.

ಹಾಗಾದರೆ ಕರಡಿ ಎಲ್ಲಿಂದ ಬಂತು? ಕಥೆ ಹೀಗಿದೆ. ಗಾಲಸ್ ಕಾಡಿನಲ್ಲಿ ಮಲಗಿದ್ದಾಗ ಕರಡಿಯೊಂದು ಬಂತು. ಅವನು ಹೆದರಲಿಲ್ಲ. ಬೆಂಕಿಗೆ ಕಟ್ಟಿಗೆ ತಂದು ಹಾಕು ಅಂದ. ಕರಡಿ ತಂದು ಹಾಕಿತು. ಕೂಲಿಯಾಗಿ ಒಂದು ಬ್ರೆಡ್ಡು ಕೊಟ್ಟು, ಇನ್ನು ಈ ಕಣಿವೆಯ ಕಡೆ ಬರಬೇಡ ಅಂತ ಕಳಿಸಿದ. ಈ ಕರಡಿ ಮಠದ ಲಾಂಛನವಾಯಿತು. ಮಠದ ಸುತ್ತ ಬೆಳೆದ ಪಟ್ಟಣಕ್ಕೂ ಅದೇ ಲಾಂಛನವಾಯಿತು.

ನಿಮ್ಮ ನಾಣ್ಯದ ತೊಡಕು ಇರುವುದು ಇಲ್ಲೇ. ಪಟ್ಟಣ ಲಿನನ್ ಬಟ್ಟೆಯ ವ್ಯಾಪಾರದಲ್ಲಿ ಶ್ರೀಮಂತವಾಗಿ ಮಠದ ಹಿಡಿತದಿಂದ ಬಿಡಿಸಿಕೊಳ್ಳುತ್ತಾ ಬಂತು. 1415ರಲ್ಲಿ ರಾಜ ಸಿಗಿಸ್ಮುಂಡ್ ಪಟ್ಟಣಕ್ಕೇ ಬೇರೆ ನಾಣ್ಯದ ಹಕ್ಕು ಕೊಟ್ಟುಬಿಟ್ಟ. ಮುಂದಿನ ಶತಮಾನದಲ್ಲಿ ಪಟ್ಟಣ ಪ್ರಾಟೆಸ್ಟಂಟ್ ಆಯಿತು, ಮಠ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಪಟ್ಟಣದ ಸುತ್ತ ನಾಲ್ಕೂ ಕಡೆ ಮಠದ ಸೀಮೆ. ಪಟ್ಟಣದ ನಡುವೆ ಮಠ. 1567ರಲ್ಲಿ ಇಬ್ಬರ ನಡುವೆ ಎತ್ತರದ ಗೋಡೆಯನ್ನೇ ಕಟ್ಟಿದರು. ಮಠಾಧಿಪತಿ ಪಟ್ಟಣದೊಳಗೆ ಕಾಲಿಡದೆ ತನ್ನ ಸೀಮೆಗೆ ಹೋಗಿಬರಲು ಕೋಟೆಗೋಡೆಯಲ್ಲಿ ಬೇರೆ ಬಾಗಿಲು. ಆ ಬಾಗಿಲು ಇವತ್ತಿಗೂ ಇದೆ, ಕಾರ್ಲ್ಸ್‌ಟೋರ್ ಅಂತ ಹೆಸರು. ಜೂರಿಕ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಒಂದು ಭಾನುವಾರ ಹೋಗಿಬನ್ನಿ. ಮಠದ ಗ್ರಂಥಾಲಯವನ್ನು ನೋಡದೆ ಮಾತ್ರ ಬರಬೇಡಿ.

ಹಾಗಾಗಿ ಒಂದೇ ಊರಿನಲ್ಲಿ ಇಬ್ಬರು ಒಡೆಯರು, ಎರಡು ಬಗೆಯ ಕಾಸು, ಎರಡರ ಮೇಲೂ ಕರಡಿ. ನಾಣ್ಯ ಮಾರುವವರು ಸೇಂಟ್ ಗಾಲನ್ ಅಂದ ತಕ್ಷಣ ‘ಮಠದ್ದು’ ಅನ್ನುತ್ತಾರೆ, ಹಾಗಂದರೆ ಗಿರಾಕಿಗೆ ಕುತೂಹಲ ಅಲ್ವಾ. ಆದರೆ ಕೈಗೆ ಸಿಗುವುದರಲ್ಲಿ ಪಟ್ಟಣದ ಕಾಸೇ ಜಾಸ್ತಿ. ಪಟ್ಟಣ ಶತಮಾನಗಳ ಕಾಲ ಟಂಕಿಸುತ್ತಾ ಬಂತು. ಮಠ 15ನೇ ಶತಮಾನದ ನಂತರ ಹೆಚ್ಚುಕಡಿಮೆ ಸುಮ್ನೆ ಇತ್ತು. ಮಠದ ಟಂಕಸಾಲೆಗೆ ನಿಜವಾಗಿ ಜೀವ ಬಂದದ್ದು 1770ರ ದಶಕದಲ್ಲಿ, ಬೇಡಾ ಆಂಗೆರ್ನ್ ಅನ್ನುವ ಮಠಾಧಿಪತಿಯ ಕಾಲದಲ್ಲಿ.

ಹೆಸರು ಬೇಡಾ, ಕೆಲಸ ಮಾತ್ರ ಎಲ್ಲವೂ ಬೇಕು ಅನ್ನುವವರದ್ದು. 1767ರಲ್ಲಿ ಪೀಠಕ್ಕೆ ಬಂದರು, 1796ರಲ್ಲಿ ತೀರಿಕೊಳ್ಳುವ ತನಕ ಆಳಿದರು. 1770-71ರ ಬರದಲ್ಲಿ ಇಟಲಿಯಿಂದ ಧಾನ್ಯ ತರಿಸಿ ಜನರನ್ನು ಬದುಕಿಸಿದರು. ಸರೋವರದ ದಂಡೆಯಿಂದ ವಿಲ್ ಪಟ್ಟಣದ ತನಕ ತಮ್ಮ ಸೀಮೆಯ ಉದ್ದಕ್ಕೂ ಹೊಸ ರಸ್ತೆ ಹಾಕಿಸಿದರು. ಜನ ಪ್ರೀತಿಯಿಂದ ‘ಒಳ್ಳೆಯ ಬೇಡಾ’ ಅಂದರು. ಮಠದ ಒಳಗಿನವರು ಸಾಲದ ಪಟ್ಟಿ ನೋಡಿ ತಲೆ ಚಚ್ಚಿಕೊಂಡರು. ನಾಣ್ಯ ಹೊರಟದ್ದೂ ಇದೇ ವರ್ಷಗಳಲ್ಲಿ. ದೊಡ್ಡ ಬೆಳ್ಳಿ ಟಾಲರ್, ಅರ್ಧ ಟಾಲರ್‌ನಿಂದ ಹಿಡಿದು ಕೆಳಗೆ ಕ್ರಾಯ್ಟ್ಸರ್, ಪೆನ್ನಿಯ ತನಕ.

ಲೆಕ್ಕ ಹೀಗೆ: 4 ಪೆನ್ನಿಗೆ 1 ಕ್ರಾಯ್ಟ್ಸರ್, 4 ಕ್ರಾಯ್ಟ್ಸರ್‌ಗೆ 1 ಬಾಟ್ಸನ್, 15 ಬಾಟ್ಸನ್‌ಗೆ 1 ಗುಲ್ಡನ್. 4 ಪೈಸೆಗೆ 1 ಆಣೆ, 16 ಆಣೆಗೆ 1 ರೂಪಾಯಿ ಅಂತ ಎಣಿಸಿದ ನಮ್ಮ ಅಜ್ಜ ಅಜ್ಜಿಯರಿಗೆ ಇದು ಹೊಸದು ಅನ್ನಿಸುತ್ತಿರಲಿಲ್ಲ.

ಟಾಲರ್ ಮೇಲೆ ಮಠಾಧಿಪತಿಯ ಹೆಸರು, ಬಿರುದುಗಳು, ನಾಲ್ಕು ಭಾಗದ ಲಾಂಛನ. ಲಾಂಛನದಲ್ಲಿ ಇಡೀ ಮಠದ ಚರಿತ್ರೆ ಇದೆ. ಕರಡಿ ಮಠದ್ದು. ಇಲ್ಲಿನ ಕುರಿಮರಿ ಹಳೇ ಪೆನ್ನಿಯದಲ್ಲ, ಸೇಂಟ್ ಯೋಹಾನ್ ಅನ್ನುವ ಇನ್ನೊಂದು ಮಠದ್ದು, 1555ರಲ್ಲಿ ಇವರ ಜೊತೆ ಸೇರಿತು. ಕಪ್ಪು ನಾಯಿ ಟೊಗೆನ್‌ಬುರ್ಗ್ ಸೀಮೆಯದು, 1468ರಲ್ಲಿ ದುಡ್ಡು ಕೊಟ್ಟು ಕೊಂಡದ್ದು. ನಾಲ್ಕನೆಯದು ಆಗಿನ ಮಠಾಧಿಪತಿಯ ಮನೆತನದ್ದು. ಟೊಗೆನ್‌ಬುರ್ಗ್ ಅಂದರೆ ಪ್ರಾಟೆಸ್ಟಂಟ್ ಸುಧಾರಕ ಜ್ವಿಂಗ್ಲಿ ಹುಟ್ಟಿದ ಸೀಮೆ. ಅಲ್ಲಿ ಬಹಳ ಜನ ಮಠದ ಪಂಥವನ್ನೇ ಒಪ್ಪದವರು. ಪಂಥ ಬೇರೆಯಾದರೇನು, ಸಂತೆಯಲ್ಲಿ ಎಲ್ಲರ ಕೈಗೂ ಕಾಸು ಬರಬೇಕಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಇಷ್ಟು ಸಣ್ಣದು ಯಾಕೆ? ನನ್ನ ಪ್ರಕಾರ ಟಾಲರ್ ಇದ್ದದ್ದು ತೋರಿಕೆಗೆ. ನಾವೂ ದೊರೆಗಳು ಅಂತ ಹೇಳಲು, ರಾಯಭಾರಿಗಳಿಗೆ ಕೊಡಲು. ಮಠ ನಿಜವಾಗಿ ಆಳಿದ್ದು ಈ ಸಣ್ಣ ಕಾಸಿನಲ್ಲಿ. ದೊಡ್ಡ ವ್ಯಾಪಾರಕ್ಕೆ ಫ್ರಾನ್ಸಿನದೋ ಬವೇರಿಯಾದ್ದೋ ಬೆಳ್ಳಿ ಸಿಗುತ್ತಿತ್ತು, ಒಳ್ಳೆ ಬೆಳ್ಳಿಯನ್ನು ಯಾರು ಬೇಕಾದರೂ ತೂಗಿ ತೆಗೆದುಕೊಳ್ಳುತ್ತಿದ್ದರು. ಒಬ್ಬ ಆಳಿಗೆ ದಿನದ ಕೂಲಿ ಕೊಡಲು, ಅವನು ಸಂಜೆ ಬ್ರೆಡ್ಡು ಕೊಳ್ಳಲು ಬೇಕಾದ ಚಿಲ್ಲರೆ ಹೊರಗಿನಿಂದ ಬರುವುದಿಲ್ಲ. ಊರಿನಲ್ಲೇ ಮಾಡಬೇಕು.

ಮಾಡುವುದು ಸುಲಭವಲ್ಲ. ಒಂದು ಸಣ್ಣ ಲೆಕ್ಕ ನೋಡಿ. 1753ರಲ್ಲಿ ಆಸ್ಟ್ರಿಯಾ, ಬವೇರಿಯಾ ಸೇರಿ ಟಾಲರ್‌ಗೆ ಒಂದು ಅಳತೆ ಗೊತ್ತು ಮಾಡಿದವು. ಕೊಲೋನ್ ಪಟ್ಟಣದ ತೂಕದ ಲೆಕ್ಕದಲ್ಲಿ ಒಂದು ಮಾರ್ಕ್ ಶುದ್ಧ ಬೆಳ್ಳಿಗೆ 10 ಟಾಲರ್. ಅಂದರೆ ಒಂದರಲ್ಲಿ ಸುಮಾರು 23.4 ಗ್ರಾಂ ಬೆಳ್ಳಿ. ದಕ್ಷಿಣ ಜರ್ಮನಿಯ ಲೆಕ್ಕದಲ್ಲಿ ಆ ಟಾಲರ್‌ಗೆ 144 ಕ್ರಾಯ್ಟ್ಸರ್. ಹಾಗಾದರೆ ಒಂದು ಕ್ರಾಯ್ಟ್ಸರ್‌ನಲ್ಲಿ ಎಷ್ಟು ಬೆಳ್ಳಿ ಇರಬೇಕು? 0.16 ಗ್ರಾಂ. ಬರೀ ಬೆಳ್ಳಿಯಲ್ಲಿ ಮಾಡಿದರೆ ಅದು ಬೆರಳಿಗೂ ಸಿಗುವುದಿಲ್ಲ. ಅದಕ್ಕೇ ತಾಮ್ರ ಬೆರೆಸಿ ಕೈಗೆ ಹತ್ತುವ ಹಾಗೆ ಮಾಡುವುದು. ಹೊಸದರಲ್ಲಿ ಬೆಳ್ಳಗೆ ಕಾಣಲು ಮೇಲ್ಮೈಯಲ್ಲಿ ಬೆಳ್ಳಿ ಉಳಿಯುವಂತೆ ಹುಳಿಯಲ್ಲಿ ಕುದಿಸುತ್ತಿದ್ದರು. ನಿಮ್ಮ ನಾಣ್ಯ ಕಪ್ಪಗಾಗಿರುವುದು ಇದರಿಂದಲೇ. ಮೇಲಿನ ಬೆಳ್ಳಿ ಸವೆದು ಒಳಗಿನ ತಾಮ್ರ ಹೊರಗೆ ಬಂದಿದೆ.

ಇನ್ನು ಕೂಲಿ. ಒಂದು ಟಾಲರ್‌ಗೆ ಒಂದು ಬಿಲ್ಲೆ ಕತ್ತರಿಸಿ ಒಂದು ಸಲ ಅಚ್ಚು ಹಾಕಿದರೆ ಸಾಕು. ಅಷ್ಟೇ ಬೆಲೆಯ ಕ್ರಾಯ್ಟ್ಸರ್‌ಗೆ ಅದೇ ಕೆಲಸ 144 ಸಲ. ಅಚ್ಚು ಬೇಗ ಸವೆಯುತ್ತದೆ, ಇದ್ದಿಲು ಜಾಸ್ತಿ ಬೇಕು. ಈ ಖರ್ಚು ಎಲ್ಲಿಂದ ಬರಬೇಕು? ನಾಣ್ಯದೊಳಗಿನಿಂದಲೇ. ಅದಕ್ಕೆ ಚಿಲ್ಲರೆಯಲ್ಲಿ ಬೆಳ್ಳಿಯನ್ನು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಹಾಕುವುದು ಎಲ್ಲ ಕಡೆ ರೂಢಿ. ಸ್ವಲ್ಪ ಕಡಿಮೆ ಮಾಡಿದರೆ ಖರ್ಚು ಹುಟ್ಟುತ್ತದೆ. ಇನ್ನೂ ಸ್ವಲ್ಪ ಕಡಿಮೆ ಮಾಡಿದರೆ ಲಾಭ. ಆ ‘ಇನ್ನೂ ಸ್ವಲ್ಪ’ ಎಲ್ಲಿಗೆ ನಿಲ್ಲಬೇಕು ಅನ್ನುವುದೇ ದೊರೆಯ ಪರೀಕ್ಷೆ.

1619ರಿಂದ 1623ರ ನಡುವೆ ಜರ್ಮನ್ ಸೀಮೆಗಳಲ್ಲಿ ಆ ಪರೀಕ್ಷೆಯಲ್ಲಿ ಹೆಚ್ಚಿನವರು ನಪಾಸಾದರು. ಯುದ್ಧಕ್ಕೆ ದುಡ್ಡು ಬೇಕಿತ್ತು. ರಾಜರು, ಬಿಷಪ್ಪರು, ಪಟ್ಟಣಗಳು ಪೈಪೋಟಿಯ ಮೇಲೆ ಟಂಕಸಾಲೆ ತೆರೆದು ಬೆಳ್ಳಿಯ ಬಣ್ಣ ಬಳಿದ ತಾಮ್ರ ಹೊರಡಿಸಿದರು. ಒಳ್ಳೆ ನಾಣ್ಯ ಪೆಟ್ಟಿಗೆ ಸೇರಿತು. ಕೊನೆಗೆ ಅದೇ ಒಡೆಯರಿಗೆ ತೆರಿಗೆಯಾಗಿ ವಾಪಸು ಬಂದದ್ದು ಅವರೇ ಮಾಡಿದ ಕೆಟ್ಟ ಕಾಸು. ಆಮೇಲೆ ಬುದ್ಧಿ ಬಂತು.

ಇದೇ ಕಾರಣಕ್ಕೆ ಚಿಲ್ಲರೆಗೆ ಗಡಿ ಇತ್ತು. ಟಾಲರ್ ಎಲ್ಲಿಗೆ ಹೋದರೂ ಟಾಲರ್. ಕ್ರಾಯ್ಟ್ಸರ್ ಪಕ್ಕದ ಸೀಮೆಗೆ ಹೋದರೆ ವಟ್ಟ ಹಿಡಿಯುತ್ತಿದ್ದರು, ಇಲ್ಲವೇ ತೆಗೆದುಕೊಳ್ಳುವುದೇ ಇಲ್ಲ ಅಂತ ಆಜ್ಞೆ ಹೊರಡಿಸುತ್ತಿದ್ದರು. ನಾಣ್ಯದ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿರಲಿಲ್ಲ. 20 ಕ್ರಾಯ್ಟ್ಸರ್ ಅಂತ ಬರೆದ ಬೆಳ್ಳಿ ನಾಣ್ಯ ದಕ್ಷಿಣ ಜರ್ಮನಿಯಲ್ಲಿ 24ಕ್ಕೆ ಹೋಗುತ್ತಿತ್ತು, 10ರದು 12ಕ್ಕೆ. ಅಲ್ಲಿನ ಲೆಕ್ಕದ ಕ್ರಾಯ್ಟ್ಸರ್ ಆಸ್ಟ್ರಿಯಾದ್ದಕ್ಕಿಂತ ಹಗುರ, ಅಷ್ಟೆ. ಸಂತೆಯ ತರಕಾರಿ ಮಾರುವವಳಿಗೂ ಈ ಲೆಕ್ಕ ಬಾಯಲ್ಲೇ ಇರಬೇಕಿತ್ತು.

ಚಿಲ್ಲರೆ ನಿಂತಿರುವುದು ನಂಬಿಕೆಯ ಮೇಲೆ ಅನ್ನುವುದನ್ನು ಬಾಯಿಬಿಟ್ಟು ಹೇಳಿದ ಧಾರ್ಮಿಕ ದೊರೆ ಇನ್ನೊಬ್ಬರಿದ್ದಾರೆ. ಇದು ಮಠವಲ್ಲ, ಸನ್ಯಾಸಿಗಳಂತೆ ವ್ರತ ತೊಟ್ಟ ಯೋಧರ ಸಂಘ. ಮಾಲ್ಟಾದ ಸಂತ ಯೋಹಾನರ ನೈಟ್‌ಗಳು. 1565ರಲ್ಲಿ ತುರ್ಕರ ಮುತ್ತಿಗೆ ಮುಗಿದಾಗ ಅವರ ಬೊಕ್ಕಸ ಖಾಲಿ. ಹೊಸ ರಾಜಧಾನಿ ವಲೆಟ್ಟಾ ಕಟ್ಟಬೇಕು, ಕೆಲಸದವರಿಗೆ ಕೂಲಿ ಕೊಡಬೇಕು. ಅವರ ನಾಯಕ ಜಾನ್ ದ ಲಾ ವಲೆಟ್ ತಾಮ್ರದ ಬಿಲ್ಲೆಗೆ 4 ತಾರಿ ಅಂತ ಬೆಳ್ಳಿಯ ಬೆಲೆ ಕಟ್ಟಿದ. ಅದರ ಮೇಲೆ ಕುಲುಕುವ ಎರಡು ಕೈ, ಜೊತೆಗೆ ಲ್ಯಾಟಿನ್‌ನಲ್ಲಿ ‘ತಾಮ್ರವಲ್ಲ, ನಂಬಿಕೆ’ ಅಂತ ಬರಹ. ಜನ ನಂಬಿದರು, ಊರು ಎದ್ದಿತು. ನಂಬಿಕೆ ಇದ್ದ ಕಡೆ ಕಳ್ಳ ನಾಣ್ಯವೂ ಬರುತ್ತದೆ. ಮುಂದಿನವರು ಅಸಲಿಗಳ ಮೇಲೆ ಮತ್ತೆ ಮತ್ತೆ ಚಿಕ್ಕ ಮುದ್ರೆ ಒತ್ತಬೇಕಾಯಿತು. ಇವತ್ತು ಸಿಗುವ ಕೆಲವು ನಾಣ್ಯಗಳಲ್ಲಿ ಮುದ್ರೆಗಳ ಸಂದಣಿಯಲ್ಲಿ ಮೂಲ ಚಿತ್ರವೇ ಕಾಣುವುದಿಲ್ಲ.

ಸೇಂಟ್ ಗಾಲನ್ ಮಠದ ಆಳ್ವಿಕೆ 1798ರಲ್ಲಿ ಫ್ರೆಂಚ್ ಸೈನ್ಯ ಬಂದಾಗ ಮುಗಿಯಿತು. ಕೊನೆಯ ಮಠಾಧಿಪತಿ ಪಂಕ್ರಾಟ್ಸ್ ಫೋರ್ಸ್ಟರ್ ವಾಪಸು ಪಡೆಯಲು ಬಹಳ ಓಡಾಡಿದರು, ಆಗಲಿಲ್ಲ. 1803ರಲ್ಲಿ ನೆಪೋಲಿಯನ್ ಅಲ್ಲಿ ಹೊಸ ಕ್ಯಾಂಟನ್, ಅಂದರೆ ಸ್ವಿಸ್ ರಾಜ್ಯ, ಮಾಡಿದ, 1805ರಲ್ಲಿ ಕ್ಯಾಂಟನ್ ಮಠವನ್ನೇ ಮುಚ್ಚಿತು. ಕ್ಯಾಂಟನ್ ಕೂಡ ಕೆಲವು ವರ್ಷ ತನ್ನದೇ ಬಾಟ್ಸನ್, ಕ್ರಾಯ್ಟ್ಸರ್ ಟಂಕಿಸಿತು. 1850ರಲ್ಲಿ ಇಡೀ ಸ್ವಿಟ್ಜರ್ಲೆಂಡ್‌ಗೆ ಒಂದೇ ಫ್ರಾಂಕ್ ಅಂತ ಕಾನೂನು ಬಂದ ಮೇಲೆ ಹಳೇ ಚಿಲ್ಲರೆಯನ್ನೆಲ್ಲ ವಾಪಸು ತೆಗೆದುಕೊಂಡು ಕರಗಿಸಿದರು.

ಈಗ ಭೂತಗನ್ನಡಿ ಹಿಡಿಯಿರಿ. ಕಡ್ಡಿಗಳ ಕಟ್ಟಿಗೆ ಕೊಡಲಿ ಸಿಕ್ಕಿಸಿದ ಗುರುತು ಕಂಡರೆ ಅದು ಕ್ಯಾಂಟನ್ ಕಾಸು, ಮಠದ್ದಲ್ಲ. ನೀವು ಕರಡಿ ಅಂದಿರುವುದರಿಂದ ಇದನ್ನು ಬಿಡಬಹುದು. ಕರಡಿಯ ಕತ್ತಿಗೆ ಪಟ್ಟಿ ಇದೆಯಾ ನೋಡಿ. 1475ರಲ್ಲಿ ಚಕ್ರವರ್ತಿ ಮೂರನೇ ಫ್ರೆಡ್ರಿಕ್ ಪಟ್ಟಣದ ಕರಡಿಗೆ ಚಿನ್ನದ ಪಟ್ಟಿ ಹಾಕಿಕೊಳ್ಳುವ ಗೌರವ ಕೊಟ್ಟ. ಮಠದ ಕರಡಿಗೆ ಪಟ್ಟಿ ಇಲ್ಲ. ಸವೆದ ಕಾಸಿನಲ್ಲಿ ಪಟ್ಟಿ ಕಾಣುವುದು ಕಷ್ಟ, ಆಗ ಅಂಚಿನ ಅಕ್ಷರ ನೋಡಬೇಕು. ‘ಸಿವಿ’ (CIVI) ಅನ್ನುವ ತುಣುಕು ಓದಲು ಸಿಕ್ಕರೂ ಸಾಕು, ಅದು ಲ್ಯಾಟಿನ್‌ನಲ್ಲಿ ಪಟ್ಟಣ ಅನ್ನುವ ಪದದ ಮೊದಲ ಭಾಗ. ಕರಡಿಯ ಜೊತೆ ಒಂದೇ ಗುರಾಣಿಯಲ್ಲಿ ಕುರಿಮರಿ, ನಾಯಿ ಇದ್ದರೆ ಮಠದ್ದೇ, ಸಂಶಯ ಬೇಡ. ಇಸವಿ 1770ರ ದಶಕದಿಂದ ಈಚೆಗಿದ್ದರೆ ಮಠದ್ದಾಗಿರಬಹುದು. 1720ರದೋ 1730ರದೋ ಇದ್ದರೆ ಪಟ್ಟಣದ್ದು ಅಂತ ಇಟ್ಟುಕೊಳ್ಳಿ.

ಬೆಲೆಯ ಬಗ್ಗೆ ಜಾಸ್ತಿ ಆಸೆ ಬೇಡ. ಸವೆದ ಕ್ರಾಯ್ಟ್ಸರ್, ಯಾರದೇ ಆಗಲಿ, ಒಂದು ಹೊತ್ತಿನ ಊಟದ ಖರ್ಚನ್ನು ಹುಟ್ಟಿಸಿದರೆ ಹೆಚ್ಚು. ಜೂರಿಕ್‌ನ ಊಟ ಅಂದರೆ ಅದೂ ಹುಟ್ಟುವುದಿಲ್ಲ. ಬೇಡಾ ಅವರ ಟಾಲರ್‌ಗಳ ಕಥೆ ಬೇರೆ. ಅವು ಹರಾಜಿನಲ್ಲಿ ಒಳ್ಳೆ ಬೆಲೆಗೆ ಹೋಗುತ್ತವೆ. ಸ್ವಾರಸ್ಯ ಏನೆಂದರೆ ಟಾಲರ್ ಹೊಸದರ ಹಾಗೇ ಇರುವುದು ಸಿಗುತ್ತದೆ, ಕೈ ತಾಗದ ಕ್ರಾಯ್ಟ್ಸರ್ ಸಿಗುವುದು ಕಷ್ಟ. ಚಿಲ್ಲರೆಯನ್ನು ಯಾರೂ ಎತ್ತಿಡುವುದಿಲ್ಲ, ಖರ್ಚು ಮಾಡಿ ಸವೆಸುತ್ತಾರೆ. ಅಂಥದ್ದೊಂದು ಅಕ್ಷರ ಪೂರ್ತಿ ಇರುವುದು ಸಿಕ್ಕರೆ ತಜ್ಞರು ಕಿವಿ ನೆಟ್ಟಗೆ ಮಾಡುತ್ತಾರೆ.

ದಯವಿಟ್ಟು ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ. ತಾಮ್ರದ ಚೊಂಬು ಹೊಳೆಯುವ ಹಾಗೆ ನಾಣ್ಯವೂ ಹೊಳೆಯುತ್ತದೆ, ಉಳಿದ ಚೂರುಪಾರು ಬೆಳ್ಳಿಯೂ ಅಕ್ಷರಗಳೂ ಹೋಗುತ್ತವೆ. ಬರೀ ನೀರಲ್ಲಿ ನೆನೆಸಿ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಅಡ್ಡ ಬೆಳಕಿನಲ್ಲಿ, ಕಿಟಕಿಯ ಪಕ್ಕ ಬೆಳಗ್ಗೆ ಹೊತ್ತು, ನಾಣ್ಯವನ್ನು ನಿಧಾನಕ್ಕೆ ತಿರುಗಿಸುತ್ತಾ ಎರಡೂ ಮುಖದ ಫೋಟೊ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಫೋಟೊದಲ್ಲಿ ಕಾಣುವುದುಂಟು. ತೂಕ ಮತ್ತು ಅಡ್ಡಳತೆಯನ್ನೂ ಬರೆದು ಕಳಿಸಿ. ಮಠದ್ದೋ ಪಟ್ಟಣದ್ದೋ ಅಂತ ಆಗ ಖಚಿತವಾಗಿ ಹೇಳಬಹುದು.